ಇಟ್ಟ ಸೊನ್ನೆ, ಇರುವ ಸೊನ್ನೆ

(ಸಾಗರ ಪಟ್ಟಣದಲ್ಲಿ ಕೆಲವು ಗೆಳೆಯರು ಸೇರಿ ನಡೆಸಿದ ಸಂಜೆಯ ಕೂಟವೊಂದರಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಸಭೆಯಿಂದ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವಾಗ ನಿಮ್ಮ ಚಪ್ಪಲಿಗಳನ್ನೆಲ್ಲ ಒಂದು ಸಲ ನೋಡಿಕೊಂಡೇ ಬಂದೆ. ಹೆದರಬೇಡಿ, ಅವುಗಳ ನಂಬರ್ ನೋಡುವುದಿತ್ತು ಅಷ್ಟೇ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಪೇಪರ್‌ನಿಂದ ಶುರು ಮಾಡೋಣ.

ಮಳೆಗಾಲ ಬಂತೆಂದರೆ ನಮ್ಮ ಕಡೆ ಪೇಪರ್ ಬಿಚ್ಚಿದ ಕೂಡಲೇ ಹುಡುಕುವುದು ಒಂದು ಸಣ್ಣ ಚೌಕವನ್ನು. ಜಲಾಶಯಗಳ ನೀರಿನ ಮಟ್ಟ. ಲಿಂಗನಮಕ್ಕಿ, ಗರಿಷ್ಠ 1,819 ಅಡಿ, ಇಂದಿನ ಮಟ್ಟ ಇಷ್ಟು. ಒಂದು ಬೆಳಗ್ಗೆ ನನ್ನ ಮೊಮ್ಮಗಳು ಅದನ್ನು ಓದುತ್ತಾ ಕೂತಿದ್ದಳು. ಅವತ್ತು 1,750 ಅಡಿ ಅಂತಿತ್ತು. ಅವಳು ಏಳನೇ ಕ್ಲಾಸು. ಶೇಕಡಾ ಲೆಕ್ಕ ಆಗಷ್ಟೇ ಕಲಿತಿದ್ದಳು. ಹೊಸದಾಗಿ ಕತ್ತರಿ ಸಿಕ್ಕ ಮಗುವಿನ ಹಾಗೆ, ಕಂಡಿದ್ದಕ್ಕೆಲ್ಲ ಶೇಕಡಾ ಹಚ್ಚುವ ಕಾಲ ಅದು.

"ಅಜ್ಜ, 1,819ರಲ್ಲಿ 1,750 ಅಂದ್ರೆ ಶೇಕಡಾ 96 ಆಯ್ತು. ಡ್ಯಾಮ್ ಹೆಚ್ಚುಕಡಿಮೆ ತುಂಬೇ ಹೋಗಿದೆ. ಮತ್ಯಾಕೆ ನೀರಿಲ್ಲ, ಕರೆಂಟಿಗೆ ತೊಂದರೆ ಅಂತ ಬರೆದಿದಾರೆ?"

ಭಾಗಾಕಾರ ಸರಿಯಾಗೇ ಇತ್ತು, ನಾನೂ ಮಾಡಿ ನೋಡಿದೆ. ಆದರೆ 1,750 ಅಡಿ ಇರುವಾಗ ಲಿಂಗನಮಕ್ಕಿಯಲ್ಲಿ ಕಾಲು ಭಾಗ ನೀರೂ ಇರುವುದಿಲ್ಲ. ಇದು ನಿಮಗೆ ಯಾರೂ ಹೇಳಬೇಕಾಗಿಲ್ಲ. ನೀರು ಇಳಿದ ವರ್ಷಗಳಲ್ಲಿ ಮಡೆನೂರಿನ ಹಳೇ ಡ್ಯಾಮ್ ಮೇಲೆದ್ದು ಕಾಣುತ್ತದೆ. ನಿಮ್ಮಲ್ಲಿ ಎಷ್ಟೋ ಜನ ಹೋಗಿ ಅದರ ಮೇಲೆ ನಿಂತು ಫೋಟೋ ತೆಗೆಸಿಕೊಂಡಿದ್ದೀರಿ.

ಹಾಗಾದರೆ ಮಗುವಿನ ಲೆಕ್ಕ ತಪ್ಪಿದ್ದೆಲ್ಲಿ?

ಆ 1,819 ಅಡಿಯನ್ನು ಅಳೆಯುವುದು ಡ್ಯಾಮಿನ ತಳದಿಂದ ಅಲ್ಲ, ಸಮುದ್ರ ಮಟ್ಟದಿಂದ. ಡ್ಯಾಮಿನ ಗೋಡೆಯ ಎತ್ತರವೇ ಸುಮಾರು 200 ಅಡಿ. ಉಳಿದ 1,600 ಅಡಿ ಬರೀ ಘಟ್ಟ, ಬಂಡೆ, ಮಣ್ಣು. ಶರಾವತಿ ಪೂರ್ತಿ ಬತ್ತಿ, ಜಲಾಶಯದಲ್ಲಿ ಒಂದು ಹನಿ ಇಲ್ಲದಿದ್ದರೂ ನನ್ನ ಮೊಮ್ಮಗಳ ಲೆಕ್ಕದಲ್ಲಿ ಡ್ಯಾಮ್ ಶೇಕಡಾ 88ರಷ್ಟು ತುಂಬಿಯೇ ಇರುತ್ತದೆ!

ಸಮುದ್ರ ಮಟ್ಟ ಅನ್ನುವುದಾದರೂ ಎಲ್ಲಿದೆ ಹೇಳಿ. ಹೊನ್ನಾವರಕ್ಕೆ ಹೋಗಿ ನಿಂತರೆ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಅದಕ್ಕೇ ಬ್ರಿಟಿಷರ ಕಾಲದ ಸರ್ವೇಯವರು ಒಂಬತ್ತು ಬಂದರುಗಳಲ್ಲಿ ಸಮುದ್ರದ ಉಬ್ಬರವಿಳಿತವನ್ನು ವರ್ಷಗಟ್ಟಲೆ ಬರೆದಿಟ್ಟರು. ಸರಾಸರಿ ತೆಗೆದು, 1909ರಲ್ಲಿ ಇಲ್ಲಿಂದ ಸೊನ್ನೆ ಅಂತ ಗೊತ್ತುಮಾಡಿದರು. ಆ ಒಂಬತ್ತರಲ್ಲಿ ನಮ್ಮ ಕಾರವಾರವೂ ಒಂದು. ಹಾಗಾಗಿ ಲಿಂಗನಮಕ್ಕಿಯ ಸೊನ್ನೆ ಲಿಂಗನಮಕ್ಕಿಯಲ್ಲಿಲ್ಲ. ಕೆಲವರು ಕೂತು, ಅನುಕೂಲ ನೋಡಿ, ಇಟ್ಟ ಸೊನ್ನೆ ಅದು.

ಅದೇ ಚೌಕದಲ್ಲಿ ಕೆಳಗೆ ನೋಡಿ. ಕೆಆರ್‌ಎಸ್ 124.80 ಅಡಿ. ಅದು ನದಿಯ ತಳದಿಂದ ಅಳೆದದ್ದು. ತುಂಗಭದ್ರಾ 1,633 ಅಡಿ, ಮತ್ತೆ ಸಮುದ್ರದಿಂದ. ಆಲಮಟ್ಟಿ 519.60, ಅದು ಮೀಟರ್! ಒಂದೇ ಚೌಕ, ಒಂದರ ಕೆಳಗೊಂದು ಅಂಕಿ. ಇದನ್ನು ನೋಡಿ ಲಿಂಗನಮಕ್ಕಿ ಕೆಆರ್‌ಎಸ್‌ಗಿಂತ ಹದಿನಾಲ್ಕು ಪಟ್ಟು ಆಳ ಅಂತ ಯಾರಾದರೂ ತಿಳಿದರೆ ಅವರನ್ನು ಬಯ್ಯುವ ಹಾಗಿಲ್ಲ.

ಆದರೆ ಅಡಿಗಳ ಪಕ್ಕದಲ್ಲೇ ಇನ್ನೊಂದು ಅಂಕಿ ಇರುತ್ತದೆ, ಟಿಎಂಸಿ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು. ಲಿಂಗನಮಕ್ಕಿ ತುಂಬಿದರೆ ಸುಮಾರು 151 ಟಿಎಂಸಿ, ಕೆಆರ್‌ಎಸ್ 49.45. ಇಲ್ಲಿ ಸೊನ್ನೆ ಅಂದರೆ ನೀರೇ ಇಲ್ಲ. ಯಾರೂ ಇಟ್ಟದ್ದಲ್ಲ, ಅದಾಗಿಯೇ ಇರುವ ಸೊನ್ನೆ. 40 ಟಿಎಂಸಿ 20ರ ಎರಡು ಪಟ್ಟು. ಮೂರು ಪಟ್ಟು, ಅರ್ಧ, ಶೇಕಡಾ ಇಷ್ಟು, ಇಲ್ಲಿ ಏನು ಬೇಕಾದರೂ ಧೈರ್ಯವಾಗಿ ಹೇಳಬಹುದು.

ನಾನು ಇವತ್ತು ಹೇಳಲು ಬಂದಿರುವುದು ಇಷ್ಟೇ. ಇಟ್ಟ ಸೊನ್ನೆಯ ಅಳತೆಗೆ ಅಂತರ ಮಾಪಕ, ಇಂಟರ್ವಲ್ ಸ್ಕೇಲ್ ಅನ್ನುತ್ತಾರೆ. ಇಂಟರ್ವಲ್ ಅಂದ ಕೂಡಲೇ ನಮಗೆ ಮಂಡಕ್ಕಿ, ಕಡಲೆಕಾಯಿ ನೆನಪಾಗುತ್ತದೆ, ಆ ಇಂಟರ್ವಲ್ ಅಲ್ಲ. ಎರಡು ಅಂಕಿಗಳ ನಡುವಿನ ಅಂತರ ಮಾತ್ರ ನಂಬಿಕೆಗೆ ಅರ್ಹ, ಅಂಕಿಯನ್ನು ಅಂಕಿಯಿಂದ ಭಾಗಿಸಿದರೆ ಅರ್ಥವಿಲ್ಲ ಅಂತ. ಇರುವ ಸೊನ್ನೆಯ ಅಳತೆಗೆ ಅನುಪಾತ ಮಾಪಕ, ರೇಶಿಯೋ ಸ್ಕೇಲ್. ಅಲ್ಲಿ ಭಾಗಿಸಬಹುದು.

ಈ ಹೆಸರುಗಳನ್ನು ಕೊಟ್ಟದ್ದು ಸ್ಟೀವನ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ, 1946ರಲ್ಲಿ. ಹಾರ್ವರ್ಡ್‌ನಲ್ಲಿದ್ದವರು. ಶಬ್ದ ಎಷ್ಟು ಜೋರಾಗಿ ಕೇಳಿಸಿತು ಅನ್ನುವ ನಮ್ಮ ಅನುಭವವನ್ನು ಅಳೆಯಬಹುದಾ ಅನ್ನುವುದು ಅವರ ತಲೆನೋವು. ಅದಕ್ಕೂ ಮೊದಲು ಬ್ರಿಟನ್ನಿನಲ್ಲಿ ಇದೇ ಪ್ರಶ್ನೆಗೆ ಒಂದು ಸಮಿತಿ ಕೂತು, ವರ್ಷಗಟ್ಟಲೆ ಚರ್ಚೆ ಮಾಡಿ, ಒಮ್ಮತಕ್ಕೆ ಬರದೇ ಎದ್ದಿತ್ತು. ಸ್ಟೀವನ್ಸ್ ಅಳತೆಗಳನ್ನೇ ನಾಲ್ಕು ಜಾತಿ ಮಾಡಿದರು. ಮೊದಲೆರಡು ಸುಲಭ. ಬಸ್ಸಿನ ರೂಟ್ ನಂಬರ್ ಬರೀ ಹೆಸರು. ಓಟದ ಪಂದ್ಯದ ಒಂದು, ಎರಡು, ಮೂರು ಬರೀ ಸಾಲು. ಅವುಗಳಲ್ಲಿ ಯಾರೂ ಮುಗ್ಗರಿಸುವುದಿಲ್ಲ. ಮುಗ್ಗರಿಸುವುದೆಲ್ಲ ಉಳಿದೆರಡರಲ್ಲಿ. ಯಾಕೆಂದರೆ ನೋಡಲು ಎರಡೂ ಒಂದೇ ಥರ.

ನಾನೂ ಮುಗ್ಗರಿಸಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕಿರುಪರೀಕ್ಷೆಗೆ ಪ್ರಶ್ನೆ ಹಾಕಿದ್ದೆ. "ನಿನ್ನೆಯ ಉಷ್ಣಾಂಶ 25 ಡಿಗ್ರಿ, ಇಂದು 30 ಡಿಗ್ರಿ. ಶೇಕಡಾ ಎಷ್ಟು ಏರಿದೆ?" ಉತ್ತರ ಶೇಕಡಾ 20 ಅಂತ ನನ್ನ ಮನಸ್ಸಿನಲ್ಲಿ. ಹಿಂದಿನ ಬೆಂಚಿನ ಒಬ್ಬ ಹುಡುಗ 11.7 ಅಂತ ಬರೆದಿದ್ದ. ಕೆಂಪು ಗೆರೆ ಎಳೆದು ಸೊನ್ನೆ ಕೊಟ್ಟೆ. ಅವನು ಎದ್ದು ಬಂದು, "ಸರ್, ನಾನು ಫ್ಯಾರನ್‌ಹೀಟ್‌ಗೆ ಬದಲಾಯಿಸಿ ಮಾಡಿದೆ" ಅಂದ. 25 ಅಂದರೆ 77, 30 ಅಂದರೆ 86. ಒಂಬತ್ತು ಡಿಗ್ರಿ ಜಾಸ್ತಿ. 77ಕ್ಕೆ 9 ಅಂದರೆ ಶೇಕಡಾ 11.7. ಒಂದೇ ಊರು, ಅದೇ ಎರಡು ದಿನ, ಅದೇ ಬಿಸಿಲು. ನಾನು "ಕೇಳಿದ್ದಕ್ಕೆ ಮಾತ್ರ ಉತ್ತರ ಬರಿ" ಅಂತ ಕೂರಿಸಿದೆ. ಪ್ರಶ್ನೆಯೇ ತಪ್ಪು ಅಂತ ನನಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ. ಅವನು ಎಲ್ಲಿದ್ದಾನೋ, ಈಗ ಕ್ಷಮೆ ಕೇಳುತ್ತೇನೆ.

ಅಡಿಯನ್ನು ಮೀಟರ್ ಮಾಡಿದರೆ ಈ ಗೋಳಿಲ್ಲ. ನಿಮ್ಮ ಹಿತ್ತಲಿನ ತೆಂಗಿನಮರ ಪಕ್ಕದ ಪೇರಲೆ ಗಿಡದ ನಾಲ್ಕು ಪಟ್ಟು ಎತ್ತರ ಅಂದರೆ, ಅಡಿಯಲ್ಲೂ ನಾಲ್ಕು ಪಟ್ಟು, ಮೀಟರಿನಲ್ಲೂ ನಾಲ್ಕು ಪಟ್ಟು, ಮೊಳ ಹಾಕಿ ಅಳೆದರೂ ನಾಲ್ಕೇ ಪಟ್ಟು. ಅಳತೆಗೋಲು ಬದಲಾದರೂ ನೆಲ ಬದಲಾಗುವುದಿಲ್ಲ. ಉಷ್ಣಾಂಶದಲ್ಲಿ ಹಾಗಲ್ಲ. ಗೋಲೂ ಬದಲಾಗುತ್ತದೆ, ನೆಲವೂ ಸರಿಯುತ್ತದೆ. ಫ್ಯಾರನ್‌ಹೀಟ್‌ಗೆ ಹೋಗಲು 1.8ರಿಂದ ಗುಣಿಸಿ 32 ಕೂಡಿಸಬೇಕಲ್ಲ, ಆ 32 ಇದೆಯಲ್ಲ, ಅದೇ ಎಲ್ಲ ಕೆಡಿಸುವುದು.

ನಮ್ಮ ಮನೆಗಳಲ್ಲಂತೂ ಎರಡೂ ಇವೆ. ಬಿಸಿಲಿಗೆ ಸೆಲ್ಸಿಯಸ್, ಜ್ವರಕ್ಕೆ ಫ್ಯಾರನ್‌ಹೀಟ್. "ಕಲಬುರಗಿಯಲ್ಲಿ 42 ಅಂತೆ" ಅಂತ ಬಾಯಿ ಚಪ್ಪರಿಸುತ್ತೇವೆ, "ಮಗೂಗೆ 102" ಅಂತ ಗಾಬರಿಯಾಗುತ್ತೇವೆ. ಎರಡೂ ಡಿಗ್ರಿಯೇ.

ಈ ಸೊನ್ನೆಗಳನ್ನು ಇಟ್ಟವರ ಕಥೆ ಚೆನ್ನಾಗಿದೆ. ಫ್ಯಾರನ್‌ಹೀಟ್ ಐಸು, ನೀರು, ನವಸಾಗರ ಅನ್ನುವ ಉಪ್ಪು ಬೆರೆಸಿ, ಆ ಕೊರೆಯುವ ಮಿಶ್ರಣಕ್ಕೆ ಸೊನ್ನೆ ಅಂದರು. 1724ರಲ್ಲಿ ಇದನ್ನು ಬರೆದರು. ಸ್ವೀಡನ್ನಿನ ಉಪ್ಸಾಲಾದಲ್ಲಿದ್ದ ಸೆಲ್ಸಿಯಸ್ 1742ರಲ್ಲಿ ಇನ್ನೊಂದು ಅಳತೆ ಮಾಡಿದರು. ಅದರಲ್ಲಿ ಸೊನ್ನೆ ಎಲ್ಲಿತ್ತು ಗೊತ್ತಾ? ಕುದಿಯುವ ನೀರಿಗೆ! ಹೆಪ್ಪುಗಟ್ಟುವ ನೀರಿಗೆ 100. ಇವತ್ತು ನಾವು ಬಳಸುವುದರ ತಲೆಕೆಳಗು. ಅವರು ತೀರಿಕೊಂಡ ಮೇಲೆ ಅದನ್ನು ಮಗುಚಿ ಹಾಕಿದರು. ಮಗುಚದೇ ಬಿಟ್ಟಿದ್ದರೆ 40 ಡಿಗ್ರಿಯ ಕಲಬುರಗಿ 60 ಆಗಿರುತ್ತಿತ್ತು, 20 ಡಿಗ್ರಿಯ ಮಡಿಕೇರಿ 80. ಅಂಕಿಯಲ್ಲಿ ಮಡಿಕೇರಿಯೇ ದೊಡ್ಡದು. ಆದರೆ ಒಂದು ಮಾತ್ರ ನೋಡಿ, ಎರಡೂರಿನ ನಡುವಿನ ಅಂತರ ಆಗಲೂ 20, ಈಗಲೂ 20. ಸೊನ್ನೆಯನ್ನು ಎಲ್ಲಿಗೆ ಎತ್ತಿಟ್ಟರೂ ಅಂತರ ಅಲ್ಲಾಡುವುದಿಲ್ಲ.

ಹಾಗಾದರೆ ಕಲಬುರಗಿ ಮಡಿಕೇರಿಗಿಂತ ನಿಜವಾಗಿ ಎಷ್ಟು ಪಟ್ಟು ಬಿಸಿ? ಈ ಡಿಗ್ರಿಗಳಲ್ಲಿ ಈ ಪ್ರಶ್ನೆಗೆ ಉತ್ತರವೇ ಇಲ್ಲ. ಗಾಳಿ ಉತ್ತರ ಕೊಟ್ಟಿತು. ಗಾಳಿಯನ್ನು ತಣ್ಣಗೆ ಮಾಡುತ್ತಾ ಹೋದರೆ ಅದು ಕುಗ್ಗುತ್ತದೆ. ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಷ್ಟು ಜಾಗ ಹಿಡಿದಿತ್ತೋ, ಪ್ರತಿ ಡಿಗ್ರಿಗೆ ಅದರ 273ನೇ ಒಂದು ಭಾಗದಷ್ಟು. ಹೀಗೇ ಕುಗ್ಗುತ್ತಾ ಹೋದರೆ ಮೈನಸ್ 273ರ ಹತ್ತಿರ ಕುಗ್ಗಲು ಏನೂ ಉಳಿಯಬಾರದು. ನಿಜದಲ್ಲಿ ಅಷ್ಟರೊಳಗೆ ಗಾಳಿ ದ್ರವವಾಗಿಬಿಡುತ್ತದೆ, ಅದು ಬೇರೆ ಮಾತು. ಆದರೆ ಗೆರೆ ಬೊಟ್ಟು ಮಾಡಿ ತೋರಿಸಿದ ಜಾಗ ಅದು. 1848ರಲ್ಲಿ ವಿಲಿಯಂ ಥಾಮ್ಸನ್, ಆಮೇಲೆ ಲಾರ್ಡ್ ಕೆಲ್ವಿನ್ ಆದವರು, ಪಾದರಸ, ಗಾಳಿ ಅಂತ ಯಾವ ವಸ್ತುವನ್ನೂ ನೆಚ್ಚಿಕೊಳ್ಳದ ಉಷ್ಣಾಂಶದ ಅಳತೆ ಬೇಕು ಅಂದರು. ಇವತ್ತಿನ ಲೆಕ್ಕದಲ್ಲಿ ಆ ಸೊನ್ನೆ ಮೈನಸ್ 273.15 ಸೆಲ್ಸಿಯಸ್. ಅದಕ್ಕಿಂತ ಕೆಳಗೆ ತಣ್ಣಗೆ ಅನ್ನುವುದೇ ಇಲ್ಲ. ಇದು ಇಟ್ಟದ್ದಲ್ಲ, ಹುಡುಕಿ ಸಿಕ್ಕ ಸೊನ್ನೆ.

ಅಲ್ಲಿಂದ ಎಣಿಸಿದರೆ ಮಡಿಕೇರಿ 293, ಕಲಬುರಗಿ 313. ಭಾಗಿಸಿ ನೋಡಿ, 1.07. ಎರಡು ಪಟ್ಟು ಎಲ್ಲಿ, ಶೇಕಡಾ ಏಳು ಎಲ್ಲಿ! ಇದು ಬರೀ ಕಾಗದದ ಆಟವಲ್ಲ. ಮಡಿಕೇರಿಯ 20 ಡಿಗ್ರಿಯಲ್ಲಿ ತುಂಬಿದ ಗಾಳಿಯನ್ನು ಅದೇ ಒತ್ತಡದಲ್ಲಿ 40 ಡಿಗ್ರಿಗೆ ಕಾಯಿಸಿದರೆ ಅದು ಹಿಗ್ಗುವುದು ಶೇಕಡಾ ಏಳರಷ್ಟೇ. ಗಾಳಿಗೆ ಗೊತ್ತಿರುವುದು ಕೆಲ್ವಿನ್ ಲೆಕ್ಕ. ನಮ್ಮ ಬೆವರಿಗೆ ಮಾತ್ರ ಎರಡು ಪಟ್ಟು ಅನ್ನಿಸುತ್ತದೆ, ಅದಕ್ಕೆ ನಾನೇನೂ ಮಾಡುವ ಹಾಗಿಲ್ಲ.

ಈಗ ಸ್ವಲ್ಪ ಬಾದಾಮಿ ಕಡೆ ಹೋಗಿ ಬರೋಣ. ಇಷ್ಟು ಚೆನ್ನಾದ ಉದಾಹರಣೆ ನಾನು ಬೇರೆಲ್ಲೂ ಕಂಡಿಲ್ಲ.

ಬಾದಾಮಿಯ ಬಂಡೆಯ ಮೇಲೆ ಮೊದಲನೇ ಪುಲಕೇಶಿಯ ಶಾಸನವಿದೆ. ಕಾಲ ಶಕ 465. ಐಹೊಳೆಯ ಮೇಗುಟಿ ಗುಡಿಯ ಗೋಡೆಯಲ್ಲಿ ರವಿಕೀರ್ತಿ ಬರೆದ ಇಮ್ಮಡಿ ಪುಲಕೇಶಿಯ ಶಾಸನವಿದೆ. ಅದರ ಕಾಲ ಶಕ 556. ಆದರೆ ರವಿಕೀರ್ತಿ ಅಲ್ಲಿಗೆ ಬಿಟ್ಟಿಲ್ಲ. ಭಾರತ ಯುದ್ಧವಾಗಿ 3,735 ವರ್ಷವಾಯಿತು ಅಂತಲೂ ಬರೆದಿದ್ದಾನೆ. ಒಂದೇ ಗುಡಿ, ಒಂದೇ ದಿನ, ಎರಡು ಸೊನ್ನೆ! ಒಂದು ಸೊನ್ನೆ ಶಕದ ಆರಂಭದಲ್ಲಿ, ಇನ್ನೊಂದು ಕುರುಕ್ಷೇತ್ರದಲ್ಲಿ. ನಾವು ಈಗ ಕ್ರಿಸ್ತಶಕ ಅಂತ ಮೂರನೇ ಸೊನ್ನೆ ಹಿಡಿದಿದ್ದೇವೆ. ಅದರಲ್ಲಿ ಬಾದಾಮಿ 543, ಐಹೊಳೆ 634.

ಎರಡು ಶಾಸನಗಳ ನಡುವೆ ಎಷ್ಟು ವರ್ಷ? ಶಕದಲ್ಲಿ 556ರಿಂದ 465 ಕಳೆಯಿರಿ, 91. ಕ್ರಿಸ್ತಶಕದಲ್ಲಿ 634ರಿಂದ 543 ಕಳೆಯಿರಿ, 91. ರವಿಕೀರ್ತಿಯ ಲೆಕ್ಕದಲ್ಲಿ ಬಾದಾಮಿಯದು 3,644 ಆಗುತ್ತದೆ. ಕಳೆದರೆ ಮತ್ತೆ 91. ಈಗ ಕಳೆಯುವ ಬದಲು ಭಾಗಿಸಿ ನೋಡಿ. ಶಕದಲ್ಲಿ ಐಹೊಳೆ ಬಾದಾಮಿಗಿಂತ ಶೇಕಡಾ 20 ಜಾಸ್ತಿ, ಕ್ರಿಸ್ತಶಕದಲ್ಲಿ 17, ಭಾರತ ಯುದ್ಧದಿಂದ ಎಣಿಸಿದರೆ ಎರಡೂವರೆ. ಏನರ್ಥ? ಏನೂ ಇಲ್ಲ.

ತಮಾಷೆಯೆಂದರೆ ಇಸವಿಗಳಲ್ಲಿ ನಾವು ಯಾರೂ ಈ ತಪ್ಪು ಮಾಡುವುದಿಲ್ಲ. 2000ನೇ ಇಸವಿ 1000ನೇ ಇಸವಿಯ ಎರಡು ಪಟ್ಟು ಅಂತ ಯಾರಾದರೂ ಅಂದದ್ದು ಕೇಳಿದ್ದೀರಾ? ಅಂದರೆ ಈ ವಿವೇಕ ನಮ್ಮಲ್ಲಿ ಇದ್ದೇ ಇದೆ. ಡಿಗ್ರಿ ಬಂದಾಗ, ಅಡಿ ಬಂದಾಗ, ಮಾರ್ಕ್ಸ್ ಬಂದಾಗ ಅದನ್ನು ಮರೆಯುತ್ತೇವೆ. ಕ್ಯಾಲ್ಕುಲೇಟರಿನಲ್ಲಿ ಶೇಕಡಾ ಗುಂಡಿ ಇದೆ, ಒತ್ತುತ್ತೇವೆ. ಅದು ಯಾವತ್ತೂ ಬೇಡ ಅನ್ನುವುದಿಲ್ಲ.

ಇನ್ನೊಂದು ಸಂಗತಿ. ಇಸವಿಗೆ ಇಟ್ಟ ಸೊನ್ನೆ, ಸರಿ. ಆದರೆ ಆ 91 ವರ್ಷ? ಅದಕ್ಕೆ ಇರುವ ಸೊನ್ನೆ. ಸೊನ್ನೆ ವರ್ಷ ಅಂದರೆ ಕಾಲವೇ ಕಳೆದಿಲ್ಲ. ಅಂತರವನ್ನು ತೆಗೆದುಕೊಂಡ ಕೂಡಲೇ ಅದು ಅನುಪಾತದ ಅಳತೆಯಾಗಿಬಿಡುತ್ತದೆ. ನಾವು ಹುಟ್ಟಿದ ಇಸವಿ ಇಟ್ಟ ಸೊನ್ನೆಯಿಂದ, ನಮ್ಮ ವಯಸ್ಸು ಇರುವ ಸೊನ್ನೆಯಿಂದ. ಹಾಗಾಗಿ ನನಗೆ ನನ್ನ ಮಗಳ ಎರಡು ಪಟ್ಟು ವಯಸ್ಸು ಅಂತ ಹೇಳಬಹುದು. ಹೇಳುವುದಕ್ಕೆ ಖುಷಿಯಿಲ್ಲ, ಅಷ್ಟೇ. ಪಂಚಾಂಗದ ಘಳಿಗೆಯೂ ಹೀಗೇ. ಸೂರ್ಯೋದಯದಿಂದ 20 ಘಳಿಗೆಗೆ ಅಂದರೆ ಸೊನ್ನೆ ಸೂರ್ಯೋದಯದಲ್ಲಿ, ಅದು ಊರಿಂದೂರಿಗೆ ಬದಲಾಗುತ್ತದೆ. ಕೆಲಸಕ್ಕೆ ಹಿಡಿದದ್ದು 20 ಘಳಿಗೆ ಅಂದರೆ ಎಂಟು ಗಂಟೆ. ಅದು ಎಲ್ಲ ಊರಲ್ಲೂ ಎಂಟೇ ಗಂಟೆ.

ಸರಿ, ಚಪ್ಪಲಿಗೆ ಬರೋಣ. ಬಾಗಿಲಲ್ಲಿ 8 ನಂಬರಿನ ಒಂದು ಶೂ ಇತ್ತು, ಪಕ್ಕದಲ್ಲೇ 4 ನಂಬರಿನ ಒಂದು ಚಪ್ಪಲಿ. ಒಂದು ಇನ್ನೊಂದರ ಎರಡರಷ್ಟು ಉದ್ದವೇನೂ ಇರಲಿಲ್ಲ. ಇದು ಇಂಗ್ಲೆಂಡಿನ ನಂಬರ್. ಒಂದು ನಂಬರಿಗೆ ಒಂದು ಬಾರ್ಲಿ ಕಾಳು, ಅಂದರೆ ಇಂಚಿನ ಮೂರನೇ ಒಂದು ಭಾಗ. ಆದರೆ ಎಣಿಕೆ ಹಿಮ್ಮಡಿಯಿಂದ ಶುರುವಾಗುವುದಿಲ್ಲ. ದೊಡ್ಡವರಿಗೆ 25 ಕಾಳು ದಾಟಿದ ಮೇಲೆ ಶುರು. ಹಾಗಾಗಿ 8 ನಂಬರ್ ಅಂದರೆ 33 ಕಾಳು, 11 ಇಂಚಿನ ಅಚ್ಚು. 4 ನಂಬರ್ ಅಂದರೆ 29 ಕಾಳು. ಅದೇ ಶೂ ತಿರುಗಿಸಿದರೆ ಇನ್ನೊಂದು ನಂಬರ್ ಇರುತ್ತದೆ, 42. ಅದು ಯುರೋಪಿನದು. ಒಂದು ನಂಬರಿಗೆ ಸೆಂಟಿಮೀಟರಿನ ಮೂರನೇ ಎರಡು ಭಾಗ, ಎಣಿಕೆ ಸೊನ್ನೆ ಉದ್ದದಿಂದಲೇ. 42 ಅಂದರೆ 28 ಸೆಂಟಿಮೀಟರ್. ಆ 4 ನಂಬರ್ ಇದರಲ್ಲಿ ಸುಮಾರು 37. ಇವುಗಳನ್ನು ಭಾಗಿಸಬಹುದು, ಉತ್ತರ ನಿಜದ ಉದ್ದಕ್ಕೆ ತಾಳೆಯಾಗುತ್ತದೆ. ಒಂದೇ ಅಟ್ಟೆಯ ಮೇಲೆ ಒಂದು ಇಟ್ಟ ಸೊನ್ನೆ, ಒಂದು ಇರುವ ಸೊನ್ನೆ. ಹೋಗುವಾಗ ನೋಡಿ. ಬೇರೆಯವರದನ್ನು ಹಾಕಿಕೊಂಡು ಹೋಗಬೇಡಿ ಮತ್ತೆ.

ಇಲ್ಲಿಗೆ ಮಾತು ನಿಲ್ಲಿಸಿದೆ. ಪ್ರಶ್ನೆಗಳು ಬಂದವು.

ಒಬ್ಬ ತಾಯಿ ಕೇಳಿದರು: "ಮಗ 40 ತೆಗೆದಿದ್ದಾನೆ, ಪಕ್ಕದ ಮನೆ ಹುಡುಗಿ 80. ಅವಳಿಗೆ ಎರಡರಷ್ಟು ಗೊತ್ತು ಅಂತಲ್ವಾ?" ಎರಡರಷ್ಟು ಮಾರ್ಕ್ಸ್ ಬಂತು, ಅದು ನಿಜ. ಆದರೆ ಆ ಪತ್ರಿಕೆಗೆ ಮೊದಲು ಹತ್ತು ಬಹಳ ಸುಲಭದ ಪ್ರಶ್ನೆ ಸೇರಿಸಿದರೆ ಇಬ್ಬರಿಗೂ ಹತ್ತತ್ತು ಜಾಸ್ತಿ ಬರುತ್ತದೆ, 50 ಮತ್ತು 90. ಹುಡುಗರು ಅವರೇ, ಎರಡು ಪಟ್ಟು ಎಲ್ಲಿ ಹೋಯಿತು? ಸೊನ್ನೆ ಬಂದವನಿಗೆ ಏನೂ ಗೊತ್ತಿಲ್ಲ ಅಂತಲ್ಲ, ನಾವು ಕೇಳಿದ್ದು ಗೊತ್ತಿಲ್ಲ ಅಂತ. ನನ್ನ ಅಭಿಪ್ರಾಯ ಕೇಳಿದರೆ ಮಾರ್ಕ್ಸನ್ನು ಅಂತರ ಮಾಪಕ ಅನ್ನುವುದಕ್ಕೂ ನನಗೆ ಧೈರ್ಯವಿಲ್ಲ. 30ರಿಂದ 40ಕ್ಕೆ ಏರುವುದು, 85ರಿಂದ 95ಕ್ಕೆ ಏರುವುದು ಒಂದೇ ಕಷ್ಟವಾ? ಮೂವತ್ತು ವರ್ಷ ಪೇಪರ್ ತಿದ್ದಿದವನು ಹೇಳುತ್ತಿದ್ದೇನೆ, ಅಲ್ಲ.

ಒಬ್ಬ ಹುಡುಗ ಗಣಪತಿ ಮೆರವಣಿಗೆಯ ಡಿಜೆ ಬಗ್ಗೆ ಕೇಳಿದ. ಡೆಸಿಬಲ್ ಯಾವ ಜಾತಿ ಅಂತ. ಅದರ ಸೊನ್ನೆಯೂ ಇಟ್ಟದ್ದೇ, ಸಾಮಾನ್ಯ ಕಿವಿಗೆ ಕೇಳಿಸುವ ಅತಿ ಸಣ್ಣ ಸದ್ದಿನ ಹತ್ತಿರ. ಸೊನ್ನೆ ಡೆಸಿಬಲ್ ಅಂದರೆ ನಿಶ್ಶಬ್ದವಲ್ಲ. ಜೊತೆಗೆ ಪ್ರತಿ ಹತ್ತು ಡೆಸಿಬಲ್‌ಗೆ ಸದ್ದಿನ ಶಕ್ತಿ ಹತ್ತು ಪಟ್ಟು. ಹಾಗಾಗಿ 80 ಡೆಸಿಬಲ್ 40ರ ಎರಡು ಪಟ್ಟಲ್ಲ, ಹತ್ತು ಸಾವಿರ ಪಟ್ಟು. ಹುಡುಗ ಪಕ್ಕದವನ ಮುಖ ನೋಡಿ ನಕ್ಕ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬರು ಎದ್ದರು. ಡ್ಯಾಮಿನ ಕೆಲಸದಲ್ಲೇ ಇದ್ದು ನಿವೃತ್ತರಾದವರಂತೆ.

"ಸರ್, ಟಿಎಂಸಿ ಸೊನ್ನೆ ಅಂದ್ರೆ ನೀರೇ ಇಲ್ಲ ಅಂದ್ರಲ್ಲ. ಡೆಡ್ ಸ್ಟೋರೇಜ್ ಬಿಟ್ಟೇಬಿಟ್ರಿ."

ಬಿಟ್ಟಿದ್ದೆ. ಪ್ರತಿ ಡ್ಯಾಮಿನಲ್ಲೂ ನೀರು ಬಿಡುವ ತೂಬಿಗಿಂತ ಕೆಳಗೆ ಸ್ವಲ್ಪ ನೀರು ನಿಂತೇ ಇರುತ್ತದೆ, ಹೊರಗೆ ಬರುವುದಿಲ್ಲ. ಕೆಆರ್‌ಎಸ್‌ನ 49.45 ಟಿಎಂಸಿಯಲ್ಲಿ ಸುಮಾರು 4.4 ಹಾಗಿನದು. ಒಟ್ಟು ನೀರು 10ರಿಂದ 20 ಟಿಎಂಸಿಗೆ ಏರಿದರೆ ನಾನು ಎರಡು ಪಟ್ಟು ಅನ್ನುತ್ತೇನೆ. ಆದರೆ ಬಳಸಲು ಸಿಗುವ ನೀರು 5.6ರಿಂದ 15.6ಕ್ಕೆ ಏರಿತು, ಅದು ಹತ್ತಿರ ಹತ್ತಿರ ಮೂರು ಪಟ್ಟು.

"ಹಾಗಾದ್ರೆ ಯಾವ ಸೊನ್ನೆ ಸರಿ?" ಅಂತ ನಾನೇ ಅವರನ್ನು ಕೇಳಿದೆ.

"ಕಾಲುವೆಗೆ ಅಲ್ಲಿಗೆ ಸೊನ್ನೆ ಸರ್. ಮೀನಿಗೆ ಇನ್ನೂ ನಾಲ್ಕು ಟಿಎಂಸಿ ಇದೆ."

ನಾನು ಮೈಕ್ ಅವರ ಕೈಗೇ ಕೊಟ್ಟೆ.